ಸಂಕ್ರಾಂತಿ ಮರುದಿನ ಹನ್ನೆರಡು ಜನ ಗೆಳೆಯರನ್ನು ಮನೆಗೆ ಕರೆದಿದ್ದೇವೆ, ಏನು ಮಾಡಿ ಬಡಿಸೋಣ?

ನೀವು ಬರೆದಿರುವುದು ಇಷ್ಟು: ಮೈಸೂರು ಕಡೆಯಿಂದ ಕೆಲಸಕ್ಕೆ ವಿಜಯಪುರಕ್ಕೆ ಬಂದಿದ್ದೀರಿ. ಸಂಕ್ರಾಂತಿ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಹನ್ನೆರಡು ಜನ ಬರುತ್ತಾರೆ. ತಿಂಡಿಗೆ ತಡ, ಊಟಕ್ಕೆ ಬೇಗ. ಅಡುಗೆಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಇಡ್ಲಿ, ಪೂರಿ ಸಾಗು, ಪಲಾವ್, ಪಾಯಸ ಅಂತ ಪಟ್ಟಿ ಹಾಕಿದ್ದೀರಿ, ನಡೆಯುತ್ತದಾ ಎಂದು ಕೇಳಿದ್ದೀರಿ.

ನಡೆಯುತ್ತದೆ. ಆದರೆ ಬಾಗಿಲಿಗೆ ಬಂದು "ಬನ್ನಿ" ಅನ್ನೋಕೂ ನಿಮಗೆ ಪುರುಸೊತ್ತು ಸಿಗುವುದಿಲ್ಲ. ಪೂರಿಗೆ ಒಬ್ಬರು ಲಟ್ಟಿಸಬೇಕು, ಒಬ್ಬರು ಕರಿಯಬೇಕು. ಗೆಳೆಯರು ಹೊರಗೆ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಕೂತಿರುತ್ತಾರೆ. ಅವರನ್ನು ಕರೆದದ್ದು ಜೊತೆಗೆ ಕೂರುವುದಕ್ಕೆ, ಅಲ್ವಾ? ಅದಕ್ಕೇ ಹೇಳುತ್ತೇನೆ, ಒಲೆಯಿಂದ ಬಿಸಿಬಿಸಿಯಾಗಿ ಇಳಿಯುವುದು ಒಂದೇ ಒಂದು ಇರಲಿ. ಉಳಿದದ್ದೆಲ್ಲ ಮೊದಲೇ ಮಾಡಿಟ್ಟದ್ದು, ಆರಿದರೂ ರುಚಿ ಕೆಡದೇ ಇರುವಂಥದ್ದು ಆಗಲಿ.

ಅಂಥ ಅಡುಗೆಗೆ ನಮ್ಮ ಊರಿನ ಸಂಕ್ರಾಂತಿಗಿಂತ ಬೇರೆ ಹಬ್ಬ ಹುಡುಕಬೇಕಿಲ್ಲ. ಇಲ್ಲಿ ಸಂಕ್ರಾಂತಿ ದಿನ ಎಳ್ಳು ಹಚ್ಚಿಕೊಂಡು ಜಳಕ ಮಾಡಿ, ಬುತ್ತಿ ಕಟ್ಟಿಕೊಂಡು ಹೊಳೆಗೋ ತೋಟಕ್ಕೋ ಹೋಗಿ ಉಣ್ಣುವುದು ರೂಢಿ. ಬುತ್ತಿಯಲ್ಲಿ ಹೋಗುವ ಅಡುಗೆ ಎಂದರೆ ತಡೆಯುವ ಅಡುಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹಿಂಡಿ ಅಂದರೆ ಚಟ್ನಿಪುಡಿ, ಎಣ್ಣೆಗಾಯಿ, ಗಟ್ಟಿ ಮೊಸರು. ಇಷ್ಟು ಇದ್ದರೆ ನಿಮ್ಮ ಮನೆಯ ಮುಕ್ಕಾಲು ಕೆಲಸ ಮುಗಿದ ಹಾಗೆ.

ದಿನವನ್ನೂ ಚೆನ್ನಾಗಿಯೇ ಆರಿಸಿದ್ದೀರಿ. ಸಂಕ್ರಾಂತಿ ಮರುದಿನ ಈ ಕಡೆ ಕರಿ. ಕರಿ ದಿನ ಶುಭ ಕೆಲಸ ಶುರು ಮಾಡುವುದಿಲ್ಲ, ದೂರದ ಊರಿಗೂ ಹೊರಡುವುದಿಲ್ಲ. ಹಾಗಾಗಿ ಜನ ಮನೆಯಲ್ಲಿ ಸಿಗುತ್ತಾರೆ. ಮಾಂಸ ತಿನ್ನುವ ಮನೆಗಳಲ್ಲಿ ಅವತ್ತು ಅದರ ಅಡುಗೆಯೂ ಆಗುತ್ತದೆ. ನೀವು ಮಾಡಬೇಕಾ ಎಂದರೆ, ಬರುವವರೆಲ್ಲ ತಿನ್ನುವವರು ಅಂತ ಗೊತ್ತಿದ್ದರೆ ಮಾತ್ರ. ಮಿಕ್ಕಂತೆ ಬೇಡ. ಕೆಲವರು ಆ ಮನೆಯ ನೀರೂ ಕುಡಿಯದೆ ಎದ್ದು ಹೋಗುವ ಪರಿಸ್ಥಿತಿ ಬರಬಾರದು.

ರೊಟ್ಟಿಯನ್ನು ಖಂಡಿತ ಕೊಂಡುಬಿಡಿ. ಬಡಿದು ರೂಢಿಯಿಲ್ಲದ ಕೈಗೆ ಹನ್ನೆರಡು ಜನರ ರೊಟ್ಟಿ ಆಗುವುದಲ್ಲ, ಕೊಂಡರೆ ಯಾರೂ ಕಡಿಮೆ ತಿಳಿಯುವುದಿಲ್ಲ. ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ಪ್ರತಿ ಓಣಿಯಲ್ಲೂ ಇದ್ದಾರೆ. ಸಜ್ಜೆಯದು 25, ಬಿಳಿ ಜೋಳದ ಕಡಕ್ ರೊಟ್ಟಿ 15 ಸಾಕು. ಜೋಳ ಮಾಲದಂಡಿಯೇ ಎಂದು ಕೇಳಿ ತೆಗೆದುಕೊಳ್ಳಿ. ಹಿಂಗಾರಿನಲ್ಲಿ ನಮ್ಮ ಕರಿ ಮಣ್ಣಿನಲ್ಲಿ ಬೆಳೆಯುವ ಜೋಳ ಅದು, ರೊಟ್ಟಿ ಬೆಳ್ಳಗೆ, ಸ್ವಲ್ಪ ಸಿಹಿಯಾಗಿ ಬರುತ್ತದೆ.

ಶೇಂಗಾ ಹೋಳಿಗೆ ಮಾತ್ರ ಮನೆಯಲ್ಲೇ ಮಾಡಿ, ಎರಡು ದಿನ ಮುಂಚೆ. 25 ಹೋಳಿಗೆಗೆ ಅರ್ಧ ಕೆಜಿ ಶೇಂಗಾ, 400 ಗ್ರಾಂ ಬೆಲ್ಲ, ಒಂದು ಹಿಡಿ ಹುರಿದ ಎಳ್ಳು, ಏಲಕ್ಕಿ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹೂರಣಕ್ಕೆ ನೀರು ಉಂಡೆ ಕಟ್ಟುವಷ್ಟೇ. ಜಾಸ್ತಿಯಾದರೆ ಬೇಗ ಕೆಡುತ್ತದೆ. ಬಡಿಸುವಾಗ ಕಾಯಿಸಿದ ತುಪ್ಪ ಒಂದಿಷ್ಟು.

ಎಣ್ಣೆಗಾಯಿಗೆ ಒಂದೂವರೆ ಕೆಜಿ ಸಣ್ಣ ಬದನೆಕಾಯಿ. ಹಿಂದಿನ ದಿನ ಸಂಜೆಯೇ ಮಾಡಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿ ಇಳಿಸಿ. ರಾತ್ರಿ ಕಳೆದ ಎಣ್ಣೆಗಾಯಿ ಒಳಗಿನವರೆಗೂ ಮಸಾಲೆ ಎಳೆದುಕೊಂಡಿರುತ್ತದೆ, ನನಗಂತೂ ಅದೇ ಇಷ್ಟ. ಶೇಂಗಾ ಹಿಂಡಿ, ಗುರೆಳ್ಳು (ನಿಮ್ಮ ಕಡೆಯ ಹುಚ್ಚೆಳ್ಳು) ಹಿಂಡಿ ಡಬ್ಬಿಯಲ್ಲೇ ಇರುತ್ತವೆ. ಪಕ್ಕದಲ್ಲಿ ಕುಸುಬೆ ಎಣ್ಣೆಯ ಬಟ್ಟಲು ಇಡಿ, ಬೇಕಾದವರು ಹಿಂಡಿಯ ನಡುವೆ ಗುಳಿ ಮಾಡಿ ಹಾಕಿಕೊಳ್ಳುತ್ತಾರೆ. ಉಳ್ಳಾಗಡ್ಡಿ, ಸವತೆಕಾಯಿ, ಗಜ್ಜರಿ (ಕ್ಯಾರೆಟ್), ಮೆಂತ್ಯದ ಎಳೆ ಸೊಪ್ಪು ತೊಳೆದು ಹಸಿಯಾಗಿಯೇ ತಟ್ಟೆಯಲ್ಲಿಡಿ.

ಈಗ ಆ ಒಂದು ಬಿಸಿ ತಿಂಡಿ: ಸುಸಲಾ, ಅಂದರೆ ನೆನೆಸಿ ಹಿಂಡಿದ ಚುರುಮುರಿಯ ಒಗ್ಗರಣೆ. ಹನ್ನೊಂದು ಗಂಟೆಯ ಹಸಿವಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮುಕ್ಕಾಲು ಕೆಜಿ ಚುರುಮುರಿ ಸಾಕು, ಎರಡು ಸಲಕ್ಕೆ ಮಾಡಿ. ಒಗ್ಗರಣೆಯ ಸಾಮಾನು ಮೊದಲೇ ಹೆಚ್ಚಿಟ್ಟಿರಿ. ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಶೇಂಗಾ, ಹಸಿಮೆಣಸಿನಕಾಯಿ, ಕರಿಬೇವು, ಉಳ್ಳಾಗಡ್ಡಿ, ಅರಿಶಿನ, ಉಪ್ಪು, ಚಿಟಿಕೆ ಸಕ್ಕರೆ. ಉಳ್ಳಾಗಡ್ಡಿ ಕೆಂಪಾಗುವುದು ಬೇಡ, ಮೆತ್ತಗಾದರೆ ಸಾಕು. ಆಮೇಲೆಯೇ ಚುರುಮುರಿ ನೆನೆಸಬೇಕು. ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಅದುಮಿ, ಕೂಡಲೇ ಎರಡೂ ಅಂಗೈ ಸೇರಿಸಿ ಹಿಂಡಿ ತೆಗೆಯಿರಿ. ಹಿಂಡಿದ ಮುಷ್ಟಿ ಬಿಟ್ಟಾಗ ಚುರುಮುರಿ ಮತ್ತೆ ಸ್ವಲ್ಪ ಅರಳಬೇಕು. ಅರಳದೆ ಹಿಟ್ಟಿನ ಹಾಗೆ ಅಂಟಿಕೊಂಡರೆ ನೀರಿನಲ್ಲಿ ಹೆಚ್ಚು ಹೊತ್ತು ಇತ್ತು ಅಂತ ಅರ್ಥ. ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕಲಸಿದರೆ ಉಳಿದ ನೀರನ್ನು ಹಿಟ್ಟು ಹೀರಿಕೊಂಡು ಸುಸಲಾ ಬಿಡಿಬಿಡಿಯಾಗುತ್ತದೆ. ಒಲೆ ಆರಿಸಿ ಕೊತ್ತಂಬರಿ, ಲಿಂಬೆ ರಸ. ಲಿಂಬೆಯನ್ನು ಉರಿಯ ಮೇಲೆ ಹಿಂಡಬೇಡಿ, ಕಹಿಯಾಗುತ್ತದೆ. ಇಲ್ಲಿನ ಇಂಡಿ ತಾಲೂಕಿನ ಲಿಂಬೆಯೇ ತನ್ನಿ. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಆ ಊರಿನದೇ ಬೆಳೆ ಎಂಬ ಭೌಗೋಳಿಕ ಗುರುತು) ಸಿಕ್ಕಿದೆ, ನಮ್ಮ ಜಿಲ್ಲೆಯ ಹೆಮ್ಮೆ ಅದು.

ಸುಸಲಾ ಜೊತೆ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ಬೇಕೇ ಬೇಕು. ಅದನ್ನು ನೀವು ಕರಿಯಬೇಡಿ. ಬರುವವರಲ್ಲಿ ಹತ್ತಿರದ ಒಬ್ಬ ಗೆಳೆಯನಿಗೆ "ಬರುವಾಗ ಗಾಡಿಯಿಂದ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಾ" ಎನ್ನಿ. ಖುಷಿಯಿಂದ ತರುತ್ತಾನೆ.

ಕೂರುವುದಕ್ಕೆ ಟೇಬಲ್ ಸಾಲದು ಎಂಬ ಚಿಂತೆ ಬಿಡಿ. ಜಮಖಾನ ಹಾಸಿ, ನಡುವೆ ಪಾತ್ರೆಗಳನ್ನಿಟ್ಟು ಎಲ್ಲರೂ ಸುತ್ತ ಕೂತರಾಯಿತು. ನೀವಿಬ್ಬರೂ ಅವರ ಜೊತೆಗೇ ಕೂತು ಉಣ್ಣಿ, ಕೊನೆಗೆ ಉಣ್ಣುತ್ತೇವೆ ಅನ್ನಬೇಡಿ. ಮೊದಲು ಕುಸುರೆಳ್ಳು (ಸಕ್ಕರೆ ಪಾಕ ಹಚ್ಚಿದ ಎಳ್ಳು) ಕೊಡುವುದನ್ನು ಮರೆಯಬೇಡಿ. ನಮ್ಮಲ್ಲಿ ಚಿಕ್ಕವರು ದೊಡ್ಡವರಿಗೆ ಕೊಟ್ಟು ಕಾಲಿಗೆ ಬೀಳುತ್ತಾರೆ, ಸರೀಕರಾದರೆ "ಎಳ್ಳು ಬೆಲ್ಲದಂಗ ಇರೋಣ" ಎನ್ನುತ್ತಾರೆ. ಹಿಂದಿನ ಮುನಿಸು ಏನೇ ಇದ್ದರೂ ಅಲ್ಲಿಗೆ ಮುಗಿಯಿತು.

ಒಂದು ಮಾತು ಸಮಯದ ಬಗ್ಗೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ, ಗುಡಿಯ ಸುತ್ತಮುತ್ತಲ ರಸ್ತೆಗಳಲ್ಲಿ ಜನವೋ ಜನ. ನಿಮ್ಮ ಮನೆ ಆ ಕಡೆ ಇದ್ದರೆ ಬರುವವರಿಗೆ ಅರ್ಧ ಗಂಟೆ ಹೆಚ್ಚು ಹಿಡಿದುಕೊಳ್ಳಿ. ಎಲ್ಲರೂ ಬಂದ ಮೇಲೆಯೇ ಚುರುಮುರಿಗೆ ಕೈ ಹಾಕಿ. ರೊಟ್ಟಿಗೆ ಮಾತ್ರ ವಾರ ಮುಂಚೆಯೇ ಹೇಳಿಬಿಡಿ, ಹಬ್ಬದ ಹೊತ್ತಿನಲ್ಲಿ ಆ ಹೆಣ್ಣುಮಕ್ಕಳ ಕೈ ತುಂಬ ಕೆಲಸ ಇರುತ್ತದೆ.