ಮಕ್ಕಳಿಗೆ ಚೆನ್ನಮ್ಮನ ಕುದುರೆ ಗೊತ್ತು, ರಾಯಣ್ಣನ ಹೊಲ ಗೊತ್ತಿಲ್ಲ

ಪ್ರಶ್ನೆ: ಒಂದು ದೇಶ ತನ್ನ ಕ್ರಾಂತಿಯನ್ನು, ಕ್ರಾಂತಿಕಾರಿ ನಾಯಕರನ್ನು ಶಾಲೆಯಲ್ಲಿ ಹೇಗೆ ಕಲಿಸುತ್ತದೆ? ಜನ ಹೇಗೆ ನೆನಪಿಟ್ಟುಕೊಳ್ಳುತ್ತಾರೆ? ನಾನು ಮಂಡ್ಯ ಕಡೆಯ ಬಿ.ಎಡ್. ವಿದ್ಯಾರ್ಥಿ. ಕಿತ್ತೂರಿನ ಕಡೆಯವರು ಯಾರಾದರೂ ಹೇಳಿದರೆ ಪಾಠ ತಯಾರಿಗೆ ಅನುಕೂಲ.

ನಾನು ಬೈಲಹೊಂಗಲ ಭಾಗದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನೇರ ಉತ್ತರ ಬೇಕು ಅಂದರೆ ಇಷ್ಟು: ಯಾರು ತಿರುಗಿಬಿದ್ದರು ಅನ್ನೋದನ್ನು ನಾವು ಚೆನ್ನಾಗಿ ಕಲಿಸುತ್ತೇವೆ. ಯಾಕೆ ತಿರುಗಿಬಿದ್ದರು ಅನ್ನೋದನ್ನು ಅರ್ಧಂಬರ್ಧ ಕಲಿಸುತ್ತೇವೆ. ಹೆಸರು, ಇಸವಿ, ಕತ್ತಿ, ಕುದುರೆ ಎಲ್ಲ ಮಕ್ಕಳಿಗೆ ಬಾಯಿಪಾಠ. ಹೊಲ, ಕಂದಾಯ, ಇನಾಮು ಅಂದ ಕೂಡಲೇ ತರಗತಿ ತಣ್ಣಗಾಗುತ್ತದೆ. ಆದರೆ ಬಂಡಾಯಗಳೆಲ್ಲ ಹುಟ್ಟಿದ್ದು ಅಲ್ಲೇ ಅಲ್ವಾ?

ಚೆನ್ನಮ್ಮನಿಂದ ಶುರು ಮಾಡೋಣ. ನಮ್ಮ ಕಡೆ ಯಾವ ಶಾಲೆಯ ಗ್ಯಾದರಿಂಗ್‌ಗೆ ಹೋದರೂ ಒಬ್ಬ ಹುಡುಗಿ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ರಟ್ಟಿನ ಕತ್ತಿ ಹಿಡಿದು, ನಿಮಗೆ ಕಪ್ಪ ಯಾಕೆ ಕೊಡಬೇಕು ಅಂತ ಬ್ರಿಟಿಷ್ ಅಧಿಕಾರಿ ಥ್ಯಾಕರೆಗೆ ಜೋರು ಮಾಡುತ್ತಾಳೆ. ಚಪ್ಪಾಳೆ ಬೀಳುತ್ತದೆ, ಬೀಳಲೇಬೇಕು. 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾಗಿ ಕಾಣಿಸಿಕೊಂಡ ಮೇಲೆ ಆ ರೂಪವೇ ಮನೆಮನೆಯಲ್ಲಿ ನಿಂತುಬಿಟ್ಟಿತು. ನಾನೂ ಆ ಹುಡುಗಿಯರಿಗೆ ಸೀರೆ ಉಡಿಸಿ ಕಳಿಸುತ್ತೇನೆ.

ಆದರೆ ಮರುದಿನ ತರಗತಿಯಲ್ಲಿ ಉಳಿದ ಕತೆಯನ್ನೂ ಹೇಳುತ್ತೇನೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು, ವರ್ಷಕ್ಕಿಷ್ಟು ಅಂತ ಹಣವನ್ನೂ ಕೊಡುತ್ತಿತ್ತು. ಜಗಳ ಹತ್ತಿದ್ದು 1824ರಲ್ಲಿ. ಆಗ ಕಿತ್ತೂರನ್ನು ಆಳುತ್ತಿದ್ದ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟ. ಅಂದರೆ ಸಂಸ್ಥಾನವೇ ಕೈತಪ್ಪಿ ಹೋಗುವ ಮಾತು. ಅದರ ಜೊತೆ ಅದನ್ನೇ ನಂಬಿದ್ದ ಸಾವಿರಾರು ಜನರ ಇನಾಮು, ಉಂಬಳಿ, ನೌಕರಿ ಎಲ್ಲವೂ. ಇದನ್ನು ಹೇಳಿದರೆ ಚೆನ್ನಮ್ಮ ಸಣ್ಣವಳಾಗುವುದಿಲ್ಲ. ಒಪ್ಪಂದದಿಂದ ಎಷ್ಟು ದಿನ ನಡೆಯುತ್ತದೋ ಅಷ್ಟು ದಿನ ನಡೆಸಿ, ಇನ್ನು ನಡೆಯಲ್ಲ ಅಂದಾಗ ಬಾಗಿಲು ಹಾಕಿದ ಹೆಣ್ಣುಮಗಳು ಆಕೆ. ನನಗಂತೂ ಅದು ಸಿನಿಮಾದ ಮಾತಿಗಿಂತ ದೊಡ್ಡದಾಗಿ ಕಾಣುತ್ತದೆ.

ನೀವು ಮುಂದೆ ಪಾಠ ಮಾಡುವವರು, ಆದ್ದರಿಂದ ಇನ್ನೊಂದು ಮಾತು. ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳು ಕಿತ್ತೂರಿನ ಕಾರಣ ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿ ಅಂತ ಬರೆಯುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಯುದ್ಧ ಅದಕ್ಕಿಂತ 24 ವರ್ಷ ಮೊದಲು. ಕಂಪನಿಯವರು ದತ್ತಕವನ್ನು ನೆಪ ಮಾಡಿ ರಾಜ್ಯ ನುಂಗುವ ಚಾಳಿಯನ್ನು ಡಾಲ್‌ಹೌಸಿ ಬರುವುದಕ್ಕೆ ಎಷ್ಟೋ ಮುಂಚೆ ನಮ್ಮ ಮೇಲೆ ಪ್ರಯೋಗಿಸಿದ್ದರು. ಇಷ್ಟು ತಿಳಿದರೆ ಕಿತ್ತೂರು ಯಾಕೆ ಮುಖ್ಯ ಅಂತ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ.

1824ರ ಅಕ್ಟೋಬರ್ 23ಕ್ಕೆ ಕೋಟೆ ಬಾಗಿಲು ತೆರೆದು ಕಿತ್ತೂರಿನವರು ಮೇಲೆಬಿದ್ದರು, ಥ್ಯಾಕರೆ ಸತ್ತ. ಅವನನ್ನು ಹೊಡೆದವನು ಅಮಟೂರು ಬಾಳಪ್ಪ ಅಂತ ನಮ್ಮ ಜನ ಹಾಡಿಕೊಂಡು ಬಂದಿದ್ದಾರೆ. ಸ್ಟೀವನ್ಸನ್, ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಅವರಿಗೆ ಕಿತ್ತೂರಿನವರು ಏನೂ ತೊಂದರೆ ಕೊಡದೆ ಬಿಟ್ಟು ಕಳಿಸಿದರು. ಇದೇ ಎಲಿಯಟ್ ಮುಂದೆ ಕನ್ನಡ ನಾಡಿನ ಊರೂರಿನಿಂದ ನೂರಾರು ಶಾಸನಗಳ ಪ್ರತಿ ಮಾಡಿಸಿದ. ನಮ್ಮ ಹಳೆಯ ಇತಿಹಾಸ ತಿಳಿಯಲು ಅದರಿಂದ ದೊಡ್ಡ ಉಪಕಾರವಾಯಿತು. ಚೆನ್ನಮ್ಮನ ಕೋಟೆಯಲ್ಲಿ ಕೈದಿಯಾಗಿದ್ದವನು! ಈ ಸಂಗತಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಾರೆ.

ಪ್ರತಿ ವರ್ಷ ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ನಡೆಯುತ್ತದೆ. ಜ್ಯೋತಿ ಯಾತ್ರೆ, ಕುಸ್ತಿ, ಡೊಳ್ಳು, ದೊಡ್ಡ ವೇದಿಕೆ. 2024ರಲ್ಲಿ ಆ ವಿಜಯಕ್ಕೆ 200 ವರ್ಷ ತುಂಬಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೂ ಅದೇ ವರ್ಷ ಡಿಸೆಂಬರಿನಲ್ಲಿ 100 ತುಂಬಿದ್ದರಿಂದ ಜಿಲ್ಲೆಯಲ್ಲಿ ಎಲ್ಲೆಲ್ಲೂ ದೀಪಾಲಂಕಾರ. ಸಂತೋಷವೇ. ಆದರೆ ಗಮನಿಸಿ, ನಾವು ಗೆದ್ದ ದಿನವನ್ನು ಆಚರಿಸುತ್ತೇವೆ, ಸೋತ ದಿನಗಳನ್ನು ಬೇಗ ದಾಟಿಬಿಡುತ್ತೇವೆ. ಗೆದ್ದು ಎರಡು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಇಟ್ಟರು. 1829ರಲ್ಲಿ ಅಲ್ಲೇ ತೀರಿಕೊಂಡಳು. ನಾಲ್ಕು ವರ್ಷದ ಸೆರೆವಾಸಕ್ಕೆ ಪಾಠದಲ್ಲಿ ಸಿಗುವುದು ಒಂದು ಸಾಲು. ಸೋತ ಮೇಲೂ ಆ ಜನ ಯಾಕೆ ಸುಮ್ಮನೆ ಕೂರಲಿಲ್ಲ ಅನ್ನೋದೇ ನಿಜವಾದ ಪಾಠ, ಅದನ್ನೇ ನಾವು ಬಿಡುತ್ತೇವೆ.

ರಾಯಣ್ಣ ಬರುವುದು ಅಲ್ಲಿಯೇ. ಸಂಗೊಳ್ಳಿಯ ರಾಯಣ್ಣ ಶೇತಸನದಿ. ಊರು ಕಾಯುವ ಚಾಕರಿ, ಅದಕ್ಕೆ ಪ್ರತಿಯಾಗಿ ಇನಾಮು ಹೊಲ. ಕಿತ್ತೂರು ಹೋದ ಮೇಲೆ ಹೊಸ ಸರ್ಕಾರ ಇಂಥವರ ಹೊಲಕ್ಕೆ ಕೈ ಹಾಕಿತು. ಒಂದಿಷ್ಟು ಕಿತ್ತುಕೊಂಡಿತು, ಉಳಿದದ್ದಕ್ಕೆ ಕಂದಾಯ ಹೇರಿತು. ಇದನ್ನು ಕಲಿಸುವಾಗ ನಾನು ಮಕ್ಕಳಿಗೆ ಮನೆಯಿಂದ ಹೊಲದ ಉತಾರದ ಜೆರಾಕ್ಸ್ ತರಲು ಹೇಳುತ್ತೇನೆ. (ನಿಮ್ಮ ಕಡೆ ಪಹಣಿ ಅನ್ನುತ್ತೀರಿ.) ಯಾರ ಹೆಸರಿದೆ, ಎಷ್ಟು ಎಕರೆ, ಎಷ್ಟು ಗುಂಟೆ, ಸಾಲ ಎಷ್ಟು, ಎಲ್ಲ ಓದಿಸುತ್ತೇನೆ. ಅಜ್ಜನ ಹೆಸರು ಇನ್ನೂ ಇದೆ, ಅಪ್ಪನ ಹೆಸರು ಹತ್ತಿಲ್ಲ ಅಂತ ಒಬ್ಬಳು ಹೇಳುತ್ತಾಳೆ. ಕಾಕಾನ ಜೊತೆ ತಕರಾರು ಇದೆ ಅಂತ ಇನ್ನೊಬ್ಬ. ಆಮೇಲೆ ಕೇಳುತ್ತೇನೆ, ನಾಳೆ ಯಾರೋ ಬಂದು ಈ ಕಾಗದದಲ್ಲಿ ನಿಮ್ಮ ಮನೆಯ ಹೆಸರು ಹೊಡೆದುಹಾಕಿದರೆ? ಒಬ್ಬ ಹುಡುಗ ಎದ್ದು ನಿಂತು, "ಟೀಚರ, ಹೊಲ ಕಸಗೊಂಡ್ರ ಯಾರು ಸುಮ್ನ ಕೂಡ್ತಾರ್ರಿ?" ಅಂದ. ಅಷ್ಟು ಸಾಕು. ರಾಯಣ್ಣನ ಪಾಠ ಅಲ್ಲಿಂದ ತಾನೇ ಓಡುತ್ತದೆ.

ರಾಯಣ್ಣನ ಜನ ಬೀಡಿ ಎಂಬ ಊರಿನ ಸರ್ಕಾರಿ ಕಚೇರಿ ಸುಟ್ಟರು, ಖಜಾನೆ ಹೊಡೆದರು. ಕಚೇರಿಗೆ ಬೆಂಕಿ ಬಿದ್ದರೆ ಕಂದಾಯದ ದಫ್ತರವೂ ಸುಡುತ್ತದೆ. ಉತಾರ ಓದಿದ ಮಗುವಿಗೆ ಇದು ಪುಂಡಾಟ ಅಂತ ಅನಿಸುವುದಿಲ್ಲ. 1830ರಲ್ಲಿ ನಮ್ಮವರೇ ಕೆಲವರು ಅವನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26, ಎಂಥ ಯೋಗಾಯೋಗ ಅಂತ ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ನೆನಪಿಡಲು ಚೆಂದ, ನಾನೂ ಹೇಳುತ್ತೇನೆ. ಆದರೆ ಗಣರಾಜ್ಯಕ್ಕೆ ಆ ದಿನ ಆರಿಸಿದ್ದು 1930ರ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯ ನೆನಪಿಗೆ. ಅದನ್ನೂ ಜೊತೆಗೇ ಹೇಳಬೇಕು, ಇಲ್ಲವಾದರೆ ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ.

ಬೇರೆ ದೇಶದ ಉದಾಹರಣೆ ಬೇಕು ಅಂದರೆ ನಾನು ಫ್ರಾನ್ಸ್, ರಷ್ಯಾ ಬಿಟ್ಟು ಮೆಕ್ಸಿಕೋ ತೆಗೆದುಕೊಳ್ಳುತ್ತೇನೆ. ಯಾಕಂದರೆ ಅಲ್ಲಿಯೂ ಕಬ್ಬಿದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಕಬ್ಬು, ಫ್ಯಾಕ್ಟರಿ, ಬಾಕಿ ಬಿಲ್ಲು ಅಂದರೆ ವಿವರಿಸುವ ಕೆಲಸವೇ ಇಲ್ಲ. ಮೊರೆಲೋಸ್ ಎಂಬ ಪ್ರಾಂತ್ಯದಲ್ಲಿ ದೊಡ್ಡ ಸಕ್ಕರೆ ಎಸ್ಟೇಟುಗಳು ಹಳ್ಳಿಗಳ ಹೊಲ, ನೀರು ನುಂಗುತ್ತಿದ್ದವು. ಅಲ್ಲಿನ ಅನೆನೆಕುಯಿಲ್ಕೊ ಎಂಬ ಊರಿನ ಹಿರಿಯರು 1909ರಲ್ಲಿ ಎಮಿಲಿಯಾನೊ ಜಪಾಟಾ ಎಂಬ ಯುವಕನನ್ನು ಮುಖಂಡನಾಗಿ ಆರಿಸಿ, ಊರಿನ ಹಳೆಯ ಭೂಮಿ ಪತ್ರಗಳನ್ನು ಅವನ ಕೈಗೆ ಕೊಟ್ಟರು. ಅವನು ಅವನ್ನು ಜೀವದಂತೆ ಕಾಪಾಡಿದ. 1910ರಲ್ಲಿ ಕ್ರಾಂತಿ ಶುರುವಾಯಿತು. 1911ರಲ್ಲಿ ಜಪಾಟಾನ ಬಣ ಅಯಾಲಾ ಘೋಷಣೆ ಹೊರಡಿಸಿ ಭೂಮಿ ವಾಪಸ್ ಕೇಳಿತು. 1919ರ ಏಪ್ರಿಲ್ 10ರಂದು ಆಗ ಅಧ್ಯಕ್ಷನಾಗಿದ್ದ ಕರಾಂಜಾನ ಸರ್ಕಾರದ ಸೈನ್ಯ ಮೋಸದಿಂದ ಅವನನ್ನು ಕೊಂದಿತು. ಜಪಾಟಾ ಕಾಗದ ಕಾಪಾಡಿದ, ರಾಯಣ್ಣನ ಜನ ಕಚೇರಿ ಸುಟ್ಟರು. ಒಂದು ಕಡೆ ಕಾಗದ ಊರಿನ ಪರವಾಗಿತ್ತು, ಇನ್ನೊಂದು ಕಡೆ ಊರಿನ ವಿರುದ್ಧ. ಹೋರಾಟ ಮಾತ್ರ ಒಂದೇ.

ಅದನ್ನು ಮೆಕ್ಸಿಕೋ ಹೇಗೆ ನೆನಪಿಟ್ಟುಕೊಂಡಿದೆ ನೋಡಿ. ರಾಜಧಾನಿಯಲ್ಲಿ ಕ್ರಾಂತಿಯ ದೊಡ್ಡ ಸ್ಮಾರಕ ಇದೆ. ಅದರ ಕಂಬಗಳೊಳಗೆ ನಾಯಕರ ಅವಶೇಷಗಳಿವೆ. ಬದುಕಿದ್ದಾಗ ಒಬ್ಬರಿಗೊಬ್ಬರು ಯುದ್ಧ ಮಾಡಿದ ಕರಾಂಜಾ, ಪಾಂಚೋ ವಿಲ್ಲಾ ಇಬ್ಬರೂ ಈಗ ಒಂದೇ ಸೂರಿನಡಿ. ಸರ್ಕಾರಕ್ಕೆ ಎಲ್ಲರೂ ಒಂದೇ ಕುಟುಂಬದವರಂತೆ ಕಾಣಬೇಕು. ಜಪಾಟಾ ಮಾತ್ರ ಅಲ್ಲಿಲ್ಲ. ಅವನ ಸಮಾಧಿ ಮೊರೆಲೋಸ್‌ನ ಕ್ವಾವುಟ್ಲಾ ಎಂಬ ಊರಿನಲ್ಲೇ ಉಳಿದಿದೆ. ಸತ್ತದ್ದು ಅವನಲ್ಲ, ಅವನಂತೆ ಕಾಣುವ ಬೇರೆ ಯಾರೋ ಅಂತ ಅಲ್ಲಿನ ಹಳ್ಳಿಗರು ಬಹಳ ಕಾಲ ಹೇಳಿಕೊಂಡು ಬಂದರು. ಪಠ್ಯಪುಸ್ತಕದ ವಿಷಯಕ್ಕೂ ಅಲ್ಲಿ ದೊಡ್ಡ ಜಗಳ ಆಗಿದೆ. 1960ರಿಂದ ಸರ್ಕಾರವೇ ಪ್ರಾಥಮಿಕ ಶಾಲೆಗಳಿಗೆ ಪುಕ್ಕಟೆ ಪುಸ್ತಕ ಕೊಡುತ್ತಿದೆ. 1992ರಲ್ಲಿ ಇತಿಹಾಸ ಪುಸ್ತಕ ಹೊಸದಾಗಿ ಬರೆಸಿದಾಗ ಶಿಕ್ಷಕರೂ ಸೇರಿ ಬಹಳ ಜನ ಎದ್ದು ಕೂಗಿದರು. ಕೊನೆಗೆ ಆ ಪುಸ್ತಕಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದೇ ವರ್ಷ ಸಂವಿಧಾನದ ಭೂಮಿಯ ಕಲಮನ್ನೂ ಬದಲಿಸಿ, ಹಳ್ಳಿಗಳ ಸಾಮೂಹಿಕ ಹೊಲ ಮಾರಾಟಕ್ಕೆ ದಾರಿ ಮಾಡಿದ್ದರು. ಹೊಲದ ಕಾನೂನು ಬದಲಾಗುವ ಹೊತ್ತಿಗೇ ಹೊಲಕ್ಕಾಗಿ ಸತ್ತವರ ಪಾಠವೂ ಬದಲಾಗುತ್ತದೆ ಅಂದರೆ ಶಿಕ್ಷಕರಿಗೆ ಅನುಮಾನ ಬರುವುದು ಸಹಜ.

ನಮ್ಮಲ್ಲಿ ಕಾರಣವನ್ನು ಬಿಡದೆ ಹೇಳಿದವರು ಯಾರು ಗೊತ್ತಾ? ಲಾವಣಿ ಹಾಡಿದವರು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ಹಲಗಲಿ ಅಂತ ಊರು. 1857ರಲ್ಲಿ ಕಂಪನಿ ಸರ್ಕಾರ ಎಲ್ಲರೂ ಹತಾರ (ಆಯುಧ) ತಂದೊಪ್ಪಿಸಿ ಅಂತ ಹುಕುಂ ಮಾಡಿತು. ಬೇಡರಿಗೆ ಹತಾರ ಅಂದರೆ ಅನ್ನ, ಮಾನ ಎರಡೂ. ಅವರು ಕೊಡಲಿಲ್ಲ. ಸೈನ್ಯ ಬಂದು ಊರಿಗೇ ಬೆಂಕಿ ಇಟ್ಟಿತು. ಹಿಡಿದವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು. ಈ ಲಾವಣಿಯನ್ನೂ ರಾಯಣ್ಣನ ಲಾವಣಿಯನ್ನೂ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ. ನಮ್ಮ ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಹಲಗಲಿಯ ಪಾಠ ನೀವೂ ಓದಿರಬಹುದು.

ಅದರಲ್ಲಿ ಲೂಟಿಯ ಭಾಗ ಬಂದಾಗ ನಿಲ್ಲಿಸಿ ಓದಿಸಿ. ಕೊಡಲಿ, ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಬೆಲ್ಲ, ಬೀಸುವ ಕಲ್ಲು. ಹಾಡುಗಾರ ಒಂದೊಂದೇ ಎಣಿಸುತ್ತಾನೆ. ಬಡವರ ಅಡುಗೆಮನೆಯಲ್ಲಿ ಏನೇನು ಇರುತ್ತದೋ ಅದೆಲ್ಲ. ಬೀಸುವ ಕಲ್ಲು ಯಾಕೆ ಒಯ್ದರು ಅಂತ ನನ್ನ ತರಗತಿಯಲ್ಲಿ ಹುಡುಗಿಯರು ಕೇಳುತ್ತಾರೆ. ಹಿಟ್ಟು ಬೀಸದಿದ್ದರೆ ರೊಟ್ಟಿ ಇಲ್ಲ. ಊರು ಮತ್ತೆ ಏಳಬಾರದು ಅಂತಲೇ ಒಯ್ದದ್ದು ಅಂತ ಅವರೇ ಉತ್ತರವನ್ನೂ ಹುಡುಕುತ್ತಾರೆ. ಯಾವ ಗದ್ಯ ಪಾಠದಲ್ಲಿಯೂ ನನಗೆ ಇಂಥ ಸಾಲು ಸಿಕ್ಕಿಲ್ಲ. ಬೇಸರ ಏನಂದರೆ, ಅದನ್ನು ಕನ್ನಡ ಪೀರಿಯಡ್‌ನಲ್ಲಿ ಕಂಠಪಾಠ ಮಾಡಿಸುತ್ತಾರೆ, 1857ನ್ನು ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಮೀರತ್, ದೆಹಲಿ, ಝಾನ್ಸಿ ಅಂತ ಹೇಳುತ್ತಾರೆ. ಎರಡೂ ಒಂದೇ ವರ್ಷ, ಒಂದೇ ಸಿಟ್ಟು ಅಂತ ಮಕ್ಕಳಿಗೆ ಜೋಡಿಸಿ ಹೇಳುವವರು ಕಡಿಮೆ.

ಇನ್ನು ಜನರ ನೆನಪು. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಹತ್ತಿರ ಆಲದ ಮರ ಇದೆ. ಮಕ್ಕಳ ಫಲ ಬೇಡಿಕೊಂಡವರು ಅದಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಅಂತ. ಸರ್ಕಾರದ ಯಾವ ಆದೇಶವೂ ಇದನ್ನು ಹೇಳಿಕೊಟ್ಟಿಲ್ಲ. ಈ ಪ್ರೀತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಜನರ ನೆನಪಿನಲ್ಲೂ ಒಂದು ತೊಡಕು ಇದೆ. ಚೆನ್ನಮ್ಮ ಇಂಥವರವಳು, ರಾಯಣ್ಣ ಇಂಥವರವನು ಅಂತ ಜಾತಿಗೊಬ್ಬರನ್ನು ಹಂಚಿಕೊಳ್ಳುವುದು ಜಾಸ್ತಿಯಾಗಿದೆ. ಕಿತ್ತೂರಿನ ದಂಡಿನಲ್ಲಿ ಎಲ್ಲ ಜಾತಿಯವರೂ ಇದ್ದರು. ರಾಯಣ್ಣನ ಜೊತೆಗಾರರಲ್ಲಿ ಸಿದ್ದಿ ಜನಾಂಗದ ಗಜವೀರನ ಹೆಸರನ್ನು ಇವತ್ತಿಗೂ ಹೇಳುತ್ತಾರೆ. ಅದನ್ನು ತರಗತಿಯಲ್ಲಿ ಹೇಳಲೇಬೇಕು, ಜೋರಾಗಿ ಹೇಳಬೇಕು.

ನಿಮ್ಮ ಪಾಠ ಯೋಜನೆಗೆ ನನ್ನ ಸಲಹೆ ಇದು. ಚೆನ್ನಮ್ಮನ ಚಿತ್ರದಿಂದ ಶುರು ಮಾಡಬೇಡಿ, ಪಹಣಿಯಿಂದ ಶುರು ಮಾಡಿ. ಹಲಗಲಿಯ ಲಾವಣಿಯನ್ನು ಕನ್ನಡದ ಶಿಕ್ಷಕರ ಜೊತೆ ಸೇರಿ ಒಂದೇ ದಿನ ಮಾಡಿ. ನಿಮ್ಮ ಕಡೆಯದೇ ಉದಾಹರಣೆ ಬೇಕಾದರೆ ಮದ್ದೂರು ಹತ್ತಿರದ ಶಿವಪುರದ 1938ರ ಧ್ವಜ ಸತ್ಯಾಗ್ರಹ ಇದೆಯಲ್ಲ, ಅದನ್ನೂ ಸೇರಿಸಿಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಈ ಕಡೆ ಪ್ರವಾಸ ಬರುವುದಾದರೆ ಅಕ್ಟೋಬರಿನ ಗದ್ದಲದಲ್ಲಿ ಬೇಡ, ಡಿಸೆಂಬರಿನಲ್ಲಿ ಬನ್ನಿ. ಮೊದಲು ಕಿತ್ತೂರಿನ ಕೋಟೆ, ಅಲ್ಲಿನ ವಸ್ತುಸಂಗ್ರಹಾಲಯ. ಆಮೇಲೆ ಬೈಲಹೊಂಗಲದ ಸಮಾಧಿ, ಸಂಗೊಳ್ಳಿ. ನಂದಗಡ ಖಾನಾಪುರ ತಾಲೂಕಿನಲ್ಲಿ ಬರುತ್ತದೆ, ಅದಕ್ಕೆ ಬೇರೆ ಒಂದು ದಿನ ಇಟ್ಟುಕೊಳ್ಳಿ. ಹಲಗಲಿ ದೂರವಾಗುತ್ತದೆ, ಆದರೂ ಬಿಡಬೇಡಿ.