ರಿಪೋರ್ಟಿನಲ್ಲಿ ದಪ್ಪಕ್ಷರ ಕಂಡರೆ ರೋಗವೇ?

ಪ್ರಶ್ನೆ: ಅಮ್ಮನಿಗೆ 70 ವರ್ಷ, ನನಗೆ 30. ಒಂದೇ ಲ್ಯಾಬಿನಲ್ಲಿ ರಕ್ತ ಕೊಟ್ಟೆವು. ಇಬ್ಬರಿಗೂ ಕ್ರಿಯಾಟಿನಿನ್ 1.2 ಬಂದಿದೆ. ನನಗೆ ನಾರ್ಮಲ್ ಅಂದ ಡಾಕ್ಟ್ರು ಅಮ್ಮನಿಗೆ ಮಾತ್ರ ‘ಕಿಡ್ನಿ ನೋಡ್ಕೋಬೇಕು’ ಅಂದರು. ಇದೆಂಥ ಲೆಕ್ಕ ಸಾರ್?
– ಓದುಗ, ತಿಪಟೂರು

ಉತ್ತರ: ಲೆಕ್ಕ ಸರಿಯಾಗೇ ಇದೆ. ಕ್ರಿಯಾಟಿನಿನ್ ಅನ್ನೋದು ನಮ್ಮ ಮಾಂಸಖಂಡಗಳಲ್ಲಿ ದಿನವೂ ಹುಟ್ಟುವ ಕಸ. ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಮೂವತ್ತರ ಗಂಡಸಿನ ಮೈಯಲ್ಲಿ ಮಾಂಸಖಂಡ ಜಾಸ್ತಿ, ಹಾಗಾಗಿ ಕಸವೂ ಜಾಸ್ತಿ. ನಿಮ್ಮ ಅಮ್ಮನ ಮೈಯಲ್ಲಿ ಅಷ್ಟು ಹುಟ್ಟುವುದೇ ಇಲ್ಲ, ಆದರೂ ರಕ್ತದಲ್ಲಿ ನಿಮ್ಮಷ್ಟೇ ನಿಂತಿದೆ ಅಂದರೆ ಸೋಸುವ ಕೆಲಸ ನಿಧಾನವಾಗಿದೆ ಅಂತ ತಾನೇ? ಇದಕ್ಕೇ ವಯಸ್ಸು, ಹೆಣ್ಣೋ ಗಂಡೋ ಎಲ್ಲ ಸೇರಿಸಿ ಇ-ಜಿಎಫ್‌ಆರ್ ಅಂತ ಇನ್ನೊಂದು ಅಂಕಿ ತೆಗೆಯುತ್ತಾರೆ. ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಅನ್ನುವ ಅಂದಾಜು ಅದು. ಅದೇ 1.2ಕ್ಕೆ ನಿಮ್ಮದು ಸುಮಾರು 83 ಆಗುತ್ತದೆ, ಅಮ್ಮನದು ಸುಮಾರು 49.

ಈ ಅಂಕಿ 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ನಿಂತರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ಹಿಂದಿನ ರಾತ್ರಿ ಭರ್ಜರಿ ಮಟನ್ ಊಟ ಆಗಿದ್ದರೂ, ನೀರು ಕಡಿಮೆ ಕುಡಿದಿದ್ದರೂ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಆದ್ದರಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಿ. ಮತ್ತೆ ಒಂದು ಮಾತು ಕೇಳ್ತೀನಿ, ಅಮ್ಮ ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಿಸಿ ನುಂಗುತ್ತಿದ್ದಾರಾ? ಆ ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಹೌದಾದರೆ ಇವತ್ತೇ ನಿಲ್ಲಿಸಿ, ಡಾಕ್ಟ್ರಿಗೂ ತಿಳಿಸಿ. ಅವರು ಕೇಳದೆ ಇದ್ದರೆ ಯಾರೂ ಹೇಳದೆ ಉಳಿಯುವ ವಿಷಯ ಇದು.

ಪ್ರಶ್ನೆ: ಮಗನಿಗೆ ಡೆಂಗಿ. ಐದನೇ ದಿನ ಜ್ವರ ಬಿಟ್ಟಿದೆ, ಆದರೆ ಪ್ಲೇಟ್‌ಲೆಟ್ 48 ಸಾವಿರಕ್ಕೆ ಇಳಿದಿದೆ. ರಕ್ತಸ್ರಾವ ಏನಿಲ್ಲ. ನೆಂಟರೆಲ್ಲ ಪ್ಲೇಟ್‌ಲೆಟ್ ಹಾಕಿಸಿ ಅಂತಾರೆ, ಡಾಕ್ಟ್ರು ಬೇಡ ಅಂತಾರೆ. ಪಪ್ಪಾಯಿ ಎಲೆ ರಸ ಕುಡಿಸಲೇ?
– ಒಬ್ಬ ತಾಯಿ, ಸಾಗರ

ಉತ್ತರ: ಇದು ಅಚ್ಚಾಗುವ ಹೊತ್ತಿಗೆ ನಿಮ್ಮ ಮಗ ಎದ್ದು ಓಡಾಡುತ್ತಿರುತ್ತಾನೆ ಅಂದುಕೊಳ್ಳುತ್ತೇನೆ. ಆದರೂ ಪ್ರತಿ ಮಳೆಗಾಲ ಇದೇ ಪ್ರಶ್ನೆ ಬರುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ.

ಪ್ಲೇಟ್‌ಲೆಟ್ ಅಂದರೆ ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಚೂರುಗಳು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಡೆಂಗಿಯಲ್ಲಿ ಇವು ಇಳಿಯುತ್ತವೆ, ಆಮೇಲೆ ತಾವಾಗೇ ಏರುತ್ತವೆ. ರಕ್ತಸ್ರಾವ ಇಲ್ಲದೆ ಸ್ಥಿರವಾಗಿರುವವರಿಗೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಹೋಗುವ ತನಕ ಹಾಕುವ ಅಗತ್ಯ ಬೀಳುವುದಿಲ್ಲ. ಹಾಕಿದರೂ ಅವು ಜಾಸ್ತಿ ಹೊತ್ತು ಉಳಿಯುವುದಿಲ್ಲ. ಎಲೆ ರಸವನ್ನು ನಂಬಿ ಕೂರಬೇಡಿ. ವಾಂತಿ ಆಗುತ್ತಿರುವ ಹುಡುಗನಿಗೆ ಆ ಕಹಿ ಕುಡಿಸಿದರೆ ಇನ್ನಷ್ಟು ವಾಂತಿ, ಅಷ್ಟೇ. ಗಂಜಿ, ಎಳನೀರು, ಓಆರ್‌ಎಸ್ ಕೊಡಿ.

ಇನ್ನೊಂದು ವಿಷಯ ಗೊತ್ತಿರಲಿ. ಮೆಷಿನ್ ಕೆಲವೊಮ್ಮೆ ಪ್ಲೇಟ್‌ಲೆಟ್ ಲೆಕ್ಕ ತಪ್ಪಿಸುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ರಾಸಾಯನಿಕಕ್ಕೆ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ, ಮೆಷಿನ್ ಆ ಇಡೀ ಗುಂಪನ್ನು ಎಣಿಸದೆ ಬಿಟ್ಟುಬಿಡುತ್ತದೆ. ಸ್ಲೈಡಿನ ಮೇಲೆ ಒಂದು ಹನಿ ರಕ್ತ ತೆಳ್ಳಗೆ ಎಳೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸ್ಲೈಡಿನ ಅಂಚಿನಲ್ಲಿ ಆ ಗುಂಪುಗಳು ಕಾಣುತ್ತವೆ.

ನಿಜವಾಗಿ ನೋಡಬೇಕಾದ್ದು ಅದೇ ಹಾಳೆಯಲ್ಲಿರುವ ಪಿಸಿವಿ. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಅಂತ ಅದು ಹೇಳುತ್ತದೆ. ಡೆಂಗಿಯಲ್ಲಿ ರಕ್ತನಾಳದಿಂದ ನೀರಿನಂಶ ಸೋರಿಹೋದರೆ ಉಳಿದ ರಕ್ತ ಗಟ್ಟಿಯಾಗುತ್ತದೆ. 38 ಇದ್ದ ಪಿಸಿವಿ 46 ಆಯಿತು ಅಂದರೆ ಅಪಾಯ. ಈ ಸೋರಿಕೆ ಸಾಮಾನ್ಯವಾಗಿ ಶುರುವಾಗುವುದು ಜ್ವರ ಬಿಡುವ ಹೊತ್ತಿಗೇ, ಅಂದರೆ ಮನೆಯವರೆಲ್ಲ ‘ಅಬ್ಬಾ, ಜ್ವರ ಬಿಡ್ತು’ ಅಂತ ಉಸಿರು ಬಿಡುವ ಹೊತ್ತಿಗೆ. ಅಲ್ಲಿಂದ ಮುಂದಿನ 24ರಿಂದ 48 ಗಂಟೆ ಹುಷಾರಾಗಿರಬೇಕು. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು, ಮೂತ್ರ ಕಡಿಮೆ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ.

ಪ್ರಶ್ನೆ: ಖಾಲಿ ಹೊಟ್ಟೆಯ ಶುಗರ್ 94. ಆದರೆ ಎಚ್‌ಬಿಎ1ಸಿ 6.1 ಬಂದಿದೆ. ಹಿಮೋಗ್ಲೋಬಿನ್ 8.9. ನನಗೆ ಶುಗರ್ ಇದೆಯೇ ಇಲ್ಲವೇ?
– ಶಿಕ್ಷಕಿ, ಹಾವೇರಿ

ಉತ್ತರ: ಕೆಂಪುಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ರಕ್ತದಲ್ಲಿ ಸುತ್ತುವಾಗ ಅದರೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿಕೊಳ್ಳುತ್ತದೆ. ನೂರರಲ್ಲಿ ಎಷ್ಟು ಪಾಲಿಗೆ ಅಂಟಿದೆ ಅನ್ನುವುದೇ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ. 5.7ರಿಂದ 6.4 ಗಡಿರೇಖೆ, 6.5 ಅಥವಾ ಅದಕ್ಕಿಂತ ಹೆಚ್ಚಾದರೆ ಡಯಾಬಿಟಿಸ್. ಆದರೆ ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ ಮೇಡಂ. ಹಿಮೋಗ್ಲೋಬಿನ್ 8.9 ಅಂದರೆ ರಕ್ತಹೀನತೆ. ಅದು ಕಬ್ಬಿಣದ ಕೊರತೆಯಿಂದ ಬಂದಿದ್ದರೆ, ಸಕ್ಕರೆ ಏರದೇ ಇದ್ದರೂ ಎಚ್‌ಬಿಎ1ಸಿ ಏರಿದಂತೆ ಕಾಣಬಹುದು. ಮೊದಲು ಫೆರಿಟಿನ್ ನೋಡಿಸಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಅದು ಹೇಳುತ್ತದೆ. ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ಮಾಡುವ ಪರೀಕ್ಷೆಯನ್ನೂ ಮಾಡಿಸಿ. ರಕ್ತ ಸರಿಹೋದ ಮೇಲೆ ಎಚ್‌ಬಿಎ1ಸಿ ಮತ್ತೆ ನೋಡಿದರಾಯಿತು.

ಪ್ರಶ್ನೆ: ನನಗೆ 58. ಫುಲ್ ಬಾಡಿ ಚೆಕಪ್ ಮಾಡಿಸಿದೆ. ಇಎಸ್‌ಆರ್ 28 ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ನಿದ್ದೆ ಬರುತ್ತಿಲ್ಲ.
– ಗೃಹಿಣಿ, ಗದಗ

ಉತ್ತರ: ಲ್ಯಾಬಿನವರು ಹಾಕುವ ನಾರ್ಮಲ್ ಮಿತಿ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 100ಕ್ಕೆ 95 ಜನರ ಅಂಕಿ. ಉಳಿದ ಐವರೂ ಆರೋಗ್ಯವಂತರೇ, ಅವರ ರಿಪೋರ್ಟಿಗೂ ದಪ್ಪಕ್ಷರ ಬರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಒಟ್ಟಿಗೆ ಮಾಡಿಸಿದರೆ ಒಂದಾದರೂ ಮಿತಿ ದಾಟುವ ಸಾಧ್ಯತೆ ಶೇ 64. ಪ್ಯಾಕೇಜ್ ದೊಡ್ಡದಾದಷ್ಟೂ ಗಾಬರಿ ದೊಡ್ಡದು, ಅಲ್ವಾ?

ಇನ್ನು ಇಎಸ್‌ಆರ್ ಅಂದರೆ ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪುಕಣಗಳು ಒಂದು ಗಂಟೆಗೆ ಎಷ್ಟು ಮಿಲಿಮೀಟರ್ ಕೆಳಗಿಳಿದವು ಅನ್ನೋದು, ಅಷ್ಟೇ. ವಯಸ್ಸಾದಂತೆ ಇದು ಏರುತ್ತದೆ. ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅರ್ಧ ಮಾಡಿದರೆ ಸುಮಾರಾಗಿ ಮೇಲಿನ ಮಿತಿ ಸಿಗುತ್ತದೆ. ನಿಮಗೆ ಅದು 34. ಜ್ವರ, ಕೀಲು ಊತ, ತೂಕ ಇಳಿಯುವುದು ಏನೂ ಇಲ್ಲದಿದ್ದರೆ ಇದಕ್ಕೆಂದೇ ಸುಮ್ನೆ ಇನ್ನೊಂದು ಟೆಸ್ಟ್ ಮಾಡಿಸಬೇಡಿ. ಮುಂದಿನ ಸಲ ನಿಮ್ಮ ಡಾಕ್ಟ್ರ ಹತ್ತಿರ ಹೋದಾಗ ರಿಪೋರ್ಟ್ ತೋರಿಸಿದರೆ ಸಾಕು.