ಫುಟ್‌ಬಾಲ್‌ನಲ್ಲಿ ರಕ್ಷಣಾ ಸಾಲನ್ನು ಅಷ್ಟು ಮುಂದೆ ನಿಲ್ಲಿಸುವುದು ಏಕೆ? ಅಪಾಯವಲ್ಲವೇ?

ಅಪಾಯವೇ, ಆದರೆ ಫಲವೂ ದೊಡ್ಡದು. ಡಿಫೆಂಡರ್‌ಗಳು ಮಧ್ಯಗೆರೆಯ ಸಮೀಪ ನಿಂತರೆ ಎದುರಾಳಿಗೆ ಆಡಲು ಜಾಗ ಉಳಿಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಚ್ ಹಾನ್ಸಿ ಫ್ಲಿಕ್ ಅವರ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಅಂಗಳದಲ್ಲೇ 4–0 ಗೋಲುಗಳಿಂದ ಮಣಿಸಿದ ಪಂದ್ಯ ನೋಡಿ. ಮ್ಯಾಡ್ರಿಡ್‌ನ ದಾಳಿಗಾರ ಎಂಬಾಪೆ ಒಬ್ಬರೇ ಎಂಟು ಬಾರಿ ಆಫ್‌ಸೈಡ್ ಬಲೆಗೆ ಬಿದ್ದರು, ಅಂದರೆ ಪಾಸ್ ಹೊರಡುವಾಗಲೇ ಡಿಫೆಂಡರ್‌ಗಳ ಸಾಲು ದಾಟಿ ನಿಂತು ನಿಯಮ ಮೀರಿದರು! ಪಾಸ್ ಹೊರಡುವ ಕ್ಷಣಕ್ಕೆ ನಾಲ್ವರು ಡಿಫೆಂಡರ್‌ಗಳೂ ಒಟ್ಟಿಗೆ ಹೆಜ್ಜೆ ಮುಂದಿಡುವುದೇ ಇದರ ಜೀವಾಳ. ಒಬ್ಬ ಅರೆಹೆಜ್ಜೆ ಹಿಂದುಳಿದರೂ ಬಲೆ ಹರಿಯುತ್ತದೆ.

ಚೆಂಡು ಹಿಡಿದವನ ಮೇಲೆ ಒತ್ತಡವಿಲ್ಲದಿದ್ದರಂತೂ ಆತ ತಲೆಯೆತ್ತಿ ನೋಡಿ, ಡಿಫೆಂಡರ್‌ಗಳ ಬೆನ್ನ ಹಿಂದಿನ ಬಯಲಿಗೆ ಚೆಂಡು ಕಳಿಸುತ್ತಾನೆ. 2025ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಂಟರ್ ಮಿಲಾನ್‌ನ ಡಂಫ್ರೀಸ್ ಹಾಗೆಯೇ ನುಗ್ಗಿ ಲೌಟಾರೊಗೆ ಗೋಲು ಒದಗಿಸಿದರು. ಬಾರ್ಸಿಲೋನಾ ಎರಡು ಪಂದ್ಯಗಳ ಸೆಮಿಫೈನಲ್‌ನಲ್ಲಿ ಒಟ್ಟು 6–7ರಿಂದ ಸೋತು ಹೊರಬಿತ್ತು. ಆದರೂ ವೇಗದ ಡಿಫೆಂಡರ್‌ಗಳಿದ್ದರೆ ನನ್ನ ಮತ ಇದಕ್ಕೇ.